ತೊಟ್ಟಿಲಿನ ಲಸಿಕೆಯೂ ಕೊಳಾಯಿಯ ನೀರೂ

ಶಿಶುವಿಗೆ 6 ವಾರ ತುಂಬಿದಾಗ ತಾಯಿಯು ಅದನ್ನೆತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗುವಳು. ಅಲ್ಲಿ ಸೂಜಿಮದ್ದುಗಳ ಜತೆಗೆ ಕೂಸಿನ ಬಾಯಿಗೆ ರೋಟಾವೈರಸ್ ಲಸಿಕೆಯನ್ನೂ ಹಾಕುವರು. 10ನೆಯ ವಾರದಲ್ಲಿ ಇನ್ನೊಮ್ಮೆ, 14ನೆಯ ವಾರದಲ್ಲಿ ಮತ್ತೊಮ್ಮೆ ಇದೇ ಕ್ರಮವು ನಡೆಯುವುದು. ಕೂಸು ಮುಖ ಕಿವಿಚುವುದು. ತಾಯಿಯು ಕಾರ್ಡಿನಲ್ಲಿ ಗುರುತು ಹಾಕಿಸಿಕೊಂಡು ಮನೆಗೆ ಮರಳುವಳು. ಈ ಮದ್ದು ಎಲ್ಲಿಂದ ಬಂದಿತು, ಯಾರ ದೇಹದಲ್ಲಿ ಅದರ ಮೂಲವು ಮೊದಲು ದೊರೆಯಿತು ಎಂದು ಕೇಳುವವರು ವಿರಳ. ಅದೇ ತಾಯಿಯು ಮನೆಗೆ ಬಂದು ಕೊಳಾಯಿಯನ್ನು ತಿರುಗಿಸಿ ಹಿಡಿಯುವ ನೀರನ್ನು ಯಾರು, ಎಂದು, ಯಾವುದಕ್ಕಾಗಿ ಪರೀಕ್ಷಿಸಿದರೆಂದು ಕೇಳುವವರು ಇನ್ನೂ ವಿರಳ. ಲಸಿಕೆಯು ಆರೋಗ್ಯ ಇಲಾಖೆಯ ಬಾಬು. ನೀರು ನಗರಸಭೆಯ ಅಥವಾ ಜಲಮಂಡಲಿಯ ಬಾಬು. ಎರಡಕ್ಕೂ ಬೇರೆ ಬೇರೆ ಕಡತ, ಬೇರೆ ಬೇರೆ ಅಧಿಕಾರಿ, ಬೇರೆ ಬೇರೆ ಆಯವ್ಯಯ. ಆದರೆ ಕೂಸಿನ ಕರುಳಿಗೆ ಇಲಾಖೆಗಳ ಭೇದವು ತಿಳಿಯದು. ಇವೆರಡೂ ಒಂದೇ ಕೆಲಸವೆಂದೂ, ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಮಾಡಿದುದರ ಫಲವೂ ಕುಂದುವುದೆಂದೂ ನಮ್ಮ ಅಭಿಪ್ರಾಯ. ಅದಕ್ಕೆ ಆಧಾರವೇನೆಂಬುದನ್ನು ವಾಚಕರ ಮುಂದಿಡುವೆವು.

ಮೊದಲು ರೋಗದ ವಿಚಾರ. ಹಸುಳೆಗಳಿಗೆ ಬರುವ ವಾಂತಿ ಭೇದಿಯನ್ನು ನಮ್ಮ ಹಿರಿಯರು ದೃಷ್ಟಿ ತಾಗಿತೆಂದರು, ಹಲ್ಲು ಹುಟ್ಟುವ ಕಾಲವೆಂದರು, ಬಾಲಗ್ರಹವೆಂದರು. ಪಾಶ್ಚಾತ್ಯ ವೈದ್ಯರಾದರೂ ಬಹುಕಾಲ ಇದಕ್ಕಿಂತ ಹೆಚ್ಚು ತಿಳಿದವರಾಗಿರಲಿಲ್ಲ. ರೋಗಿ ಮಕ್ಕಳ ಮಲವನ್ನು ಎಷ್ಟು ಶೋಧಿಸಿದರೂ ಅನೇಕ ಪ್ರಸಂಗಗಳಲ್ಲಿ ಕಾರಣವಾದ ಕ್ರಿಮಿಯು ಸಿಕ್ಕುತ್ತಿರಲಿಲ್ಲ. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ರೂತ್ ಬಿಷಪ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ ಅಂಥ ಮಕ್ಕಳ ಸಣ್ಣ ಕರುಳಿನ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಾಲಿಯ ಆಕಾರದ ಕಣಗಳು ಕಂಡುವು. ಲ್ಯಾಟಿನ್ ಭಾಷೆಯಲ್ಲಿ ಗಾಲಿಗೆ ರೋಟಾ ಎಂದು ಹೆಸರು. ಮರುವರ್ಷ ಇಂಗ್ಲೆಂಡಿನ ಥಾಮಸ್ ಫ್ಲುವೆಟ್ ಎಂಬವರು ಸೂಚಿಸಿದ ರೋಟಾವೈರಸ್ ಎಂಬ ನಾಮವೇ ನಿಂತಿತು. ಈ ವಿಷಾಣುವು ಕರುಳಿನ ಒಳಮೈಯನ್ನು ಕೆಡಿಸುವುದು. ನೀರನ್ನೂ ಲವಣವನ್ನೂ ಹೀರಿಕೊಳ್ಳುವ ಶಕ್ತಿಯು ಕುಂದುವುದು. ದೊಡ್ಡವರು ತಡೆದುಕೊಂಡಾರು, ಆರೇಳು ಕಿಲೋ ತೂಕದ ಕೂಸು ಒಂದೆರಡು ದಿನಗಳಲ್ಲಿ ಬತ್ತಿಹೋಗುವುದು. ಲಸಿಕೆಯು ಬರುವುದಕ್ಕೆ ಮುಂಚೆ ನಮ್ಮ ದೇಶದಲ್ಲಿ 5 ವರ್ಷದೊಳಗಿನ ಸುಮಾರು 78,000 ಮಕ್ಕಳು ವರ್ಷಂಪ್ರತಿ ಇದೊಂದರಿಂದಲೇ ಸಾಯುತ್ತಿದ್ದರೆಂದು ತಜ್ಞರು ಅಂದಾಜು ಮಾಡಿದ್ದರು. ಒಂದು ಮಧ್ಯಮ ಪಟ್ಟಣದ ಜನಸಂಖ್ಯೆಯಷ್ಟು ತೊಟ್ಟಿಲುಗಳು ಪ್ರತಿವರ್ಷವೂ ಬರಿದಾಗುತ್ತಿದ್ದುವೆಂದು ಅರ್ಥ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಶುದ್ಧವಾದ ನೀರೊಂದರಿಂದಲೇ ಈ ರೋಗವು ತೊಲಗುವುದಿಲ್ಲ. ಲಂಡನ್ನಿನ ಕೂಸಿಗೂ ಲಕ್ನೋದ ಕೂಸಿಗೂ ಅದು ತಗಲುವುದು. 5 ವರ್ಷದೊಳಗೆ ಒಮ್ಮೆಯಾದರೂ ಅದು ಸೋಂಕದ ಮಗುವು ಲೋಕದಲ್ಲಿ ಇಲ್ಲವೆಂದೇ ಹೇಳಬಹುದು. ಕೈಯಿಂದ ಬಾಯಿಗೆ, ಆಟದ ಸಾಮಾನಿನಿಂದ ಬಾಯಿಗೆ ಹೋಗುವ ಕೆಲವೇ ಕಣಗಳು ಸಾಕು. ಭೇದವಿರುವುದು ಸಾವಿನಲ್ಲಿ. ಅಲ್ಲಿಯ ಮಗುವು ಆಸ್ಪತ್ರೆಗೆ ಹೋಗಿ ಮರಳುವುದು. ಇಲ್ಲಿಯ ಮಗುವು ಹಲವು ವೇಳೆ ಮರಳುತ್ತಿರಲಿಲ್ಲ. ಆದುದರಿಂದ, ಒಳ್ಳೆಯ ನೀರನ್ನು ಕೊಟ್ಟರೆ ಸಾಕು, ಲಸಿಕೆಯೇಕೆ ಎಂದು ವಾದಿಸುವವರ ಮಾತನ್ನು ನಾವು ಒಪ್ಪಲಾರೆವು. ಲಸಿಕೆಯಿದ್ದರೆ ಸಾಕು, ನೀರಿನ ಚಿಂತೆ ಮತ್ತೆ ನೋಡೋಣ ಎನ್ನುವವರ ಮಾತನ್ನಂತೂ ಒಪ್ಪುವುದೇ ಇಲ್ಲ.

ಲಸಿಕೆಯು ಹೇಗೆ ದೊರೆಯಿತೆಂಬ ಕಥೆಯು ನಮ್ಮ ನಾಡಿನವರು ತಿಳಿದಿರಬೇಕಾದ ಕಥೆ. 1980ರ ದಶಕದಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮಹಾರಾಜ ಕಿಶನ್ ಭಾನ್ ಎಂಬ ಮಕ್ಕಳ ವೈದ್ಯರು ಆಗತಾನೆ ಹುಟ್ಟಿದ ಶಿಶುಗಳನ್ನು ಪರೀಕ್ಷಿಸುತ್ತಿದ್ದರು. ಅವುಗಳ ಮಲದಲ್ಲಿ ರೋಟಾವೈರಸ್ ಧಾರಾಳವಾಗಿದ್ದಿತು. ಆದರೆ ಶಿಶುಗಳಿಗೆ ಭೇದಿಯಾಗಲಿ ವಾಂತಿಯಾಗಲಿ ಇರಲಿಲ್ಲ, ಹಾಲು ಕುಡಿದುಕೊಂಡು ಸುಖವಾಗಿದ್ದುವು. ಕೊಲ್ಲುವ ವಿಷಾಣುವು ಕೊಲ್ಲದೆ ಸುಮ್ಮನಿರುವುದೇತಕ್ಕೆ? ಇಂಥ ಪ್ರಶ್ನೆಯನ್ನು ಅವರಿಗಿಂತ ಮುಂಚೆ ಮೆಲ್ಬರ್ನಿನಲ್ಲಿ ಕೇಳಿದ್ದರು. ಹುಟ್ಟಿದೊಡನೆ ಈ ಸೋಂಕನ್ನು ಪಡೆದ ಮಕ್ಕಳಿಗೆ ಮುಂದೆ ಮತ್ತೆ ಸೋಂಕಿದರೂ ತೀವ್ರವಾದ ರೋಗವು ಬರುವುದಿಲ್ಲವೆಂದು 1983ರಲ್ಲಿ ಬಿಷಪ್ ಅವರ ತಂಡವು ಪ್ರಕಟಿಸಿತ್ತು. ದಿಲ್ಲಿಯ ಶಿಶುಗಳಲ್ಲಿಯೂ ಅಂಥದೇ ರಕ್ಷಣೆಯು ಕಂಡುಬಂದಿತು. ಪ್ರಕೃತಿಯು ತಾನಾಗಿಯೇ ಲಸಿಕೆಯನ್ನು ಹಾಕುತ್ತಿದ್ದಂತಾಯಿತು. ಮನುಷ್ಯನು ಅದನ್ನು ಕಂಡುಕೊಳ್ಳುವುದಷ್ಟೆ ಉಳಿದಿತ್ತು. ದಿಲ್ಲಿಯ ಆ ತಳಿಗೆ 116ಇ ಎಂದು ಸಂಖ್ಯೆಯನ್ನಿಟ್ಟರು.

ಅದೇ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಇದರ ಜೋಡಿ ಸಂಶೋಧನೆಯು ನಡೆಯಿತು. ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಅವರೂ ಅವರ ಶಿಷ್ಯರೂ ನಗರದ ಆಸ್ಪತ್ರೆಗಳ ವೈದ್ಯರೊಡನೆ ಕೂಡಿ ನವಜಾತ ಶಿಶುಗಳ ಮಲದಿಂದ ಈ ವಿಷಾಣುವನ್ನು ಬೇರ್ಪಡಿಸಿದರು. ರೋಟಾವೈರಸ್ಸಿನ ವಂಶದ್ರವ್ಯವು 11 ತುಂಡುಗಳಾಗಿರುವುದು. ಒಂದು ಬಗೆಯ ಅಂಟಿನ ಹಾಳೆಯ ಮೇಲೆ ವಿದ್ಯುತ್ತಿನಿಂದ ಓಡಿಸಿದರೆ ಅವು 11 ಗೆರೆಗಳಾಗಿ ನಿಲ್ಲುವುವು. ಆ ಗೆರೆಗಳ ಅಂತರದಿಂದ ತಳಿಯ ಗುರುತು ಹತ್ತುವುದು. ಬೆಂಗಳೂರಿನ ನವಜಾತ ಶಿಶುಗಳಲ್ಲಿದ್ದ ತಳಿಯು, ಭೇದಿಯಾಗಿ ಆಸ್ಪತ್ರೆಗೆ ಬಂದ ದೊಡ್ಡ ಮಕ್ಕಳಲ್ಲಿದ್ದ ತಳಿಗಳಿಗಿಂತ ಬೇರೆಯಾಗಿದ್ದಿತು. ಇನ್ನೂ ಸೋಜಿಗವೇನೆಂದರೆ, ಐ321 ಎಂದು ಹೆಸರಾದ ಆ ತಳಿಯ 11 ತುಂಡುಗಳಲ್ಲಿ 9 ದನದ ರೋಟಾವೈರಸ್ಸಿನವು, 2 ಮಾತ್ರ ಮನುಷ್ಯರ ವಿಷಾಣುವಿನವು! ದಿಲ್ಲಿಯದರಲ್ಲಿಯಾದರೋ ಹೆಚ್ಚಿನವು ಮನುಷ್ಯರವು, ಒಂದು ಮುಖ್ಯವಾದ ತುಂಡು ದನದ್ದು. ಎರಡು ವಿಷಾಣುಗಳು ಎಲ್ಲಿಯೋ ಒಂದೇ ಕರುಳಿನಲ್ಲಿ ಸಂಧಿಸಿ ತುಂಡುಗಳನ್ನು ಅದಲುಬದಲು ಮಾಡಿಕೊಂಡಿರಬೇಕು. ಕೊಟ್ಟಿಗೆಯೂ ನಡುಮನೆಯೂ ಒಂದೇ ಸೂರಿನ ಕೆಳಗಿರುವ ನಮ್ಮ ಸಂಸಾರಗಳನ್ನು ಬಲ್ಲವರಿಗೆ ಇದು ಅಸಂಭವವೆಂದು ತೋರಲಾರದು. ದನದ ಸಿಡುಬಿನಿಂದ ಮನುಷ್ಯರ ಸಿಡುಬನ್ನು ಗೆದ್ದ ಜೆನ್ನರನ ಕಥೆಯು ಇಲ್ಲಿ ವಾಚಕರ ನೆನಪಿಗೆ ಬಂದರೆ ಆಶ್ಚರ್ಯವಲ್ಲ.

ಎರಡು ತಳಿಗಳನ್ನೂ ಅಮೆರಿಕದ ಸಿನ್ಸಿನಾಟಿಯಲ್ಲಿ ಮೊದಲು ಪರೀಕ್ಷಿಸಿದರು. ಬೆಂಗಳೂರಿನದು ಶಿಶುಗಳಲ್ಲಿ ಸಾಕಷ್ಟು ಪ್ರತಿರೋಧವನ್ನು ಹುಟ್ಟಿಸಲಿಲ್ಲ; ದಿಲ್ಲಿಯದು ಹುಟ್ಟಿಸಿತು. ವೆಲ್ಲೂರಿನಲ್ಲಿ ಬೆಂಗಳೂರಿನ ತಳಿಯ ದಾಯಾದಿಯೊಂದು ನವಜಾತ ಶಿಶುಗಳಲ್ಲಿ ಕಂಡುಬಂದಾಗ, ಅದನ್ನು ಪಡೆದ ಮಕ್ಕಳಿಗೆ ಮುಂದೆ ರಕ್ಷಣೆಯು ದೊರೆಯಲಿಲ್ಲವೆಂದು 2007ರಲ್ಲಿ ತಿಳಿಯಿತು. ನಮ್ಮ ಊರಿನ ವಿಷಾಣುವು ಸೋತಿತೆಂದು ಖೇದಪಡಬೇಕಾದುದಿಲ್ಲ. ಯಾವುದು ಉಪಯೋಗಕ್ಕೆ ಬಾರದೆಂದು ತಿಳಿಯುವುದೂ ವಿಜ್ಞಾನದ ಸಂಪಾದನೆಯೇ. ದಿಲ್ಲಿಯ 116ಇಯನ್ನು ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯು ಲಸಿಕೆಯನ್ನಾಗಿ ಬೆಳೆಸಿತು. ಸರಕಾರದೊಡನೆ ಒಂದು ಪ್ರಮಾಣಕ್ಕೆ ಒಂದು ಡಾಲರಿಗೆ ಮೀರದ ಬೆಲೆಯ ಕರಾರಿಗೂ ಒಪ್ಪಿತು. ದಿಲ್ಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ಕೊನೆಯ ಪರೀಕ್ಷೆಯು ನಡೆಯಿತು. 2015ರಲ್ಲಿ ರೋಟಾವ್ಯಾಕ್ ಎಂಬ ಹೆಸರಿನಿಂದ ಅದು ಹೊರಬಂದಿತು. 2016ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಆಂಧ್ರಪ್ರದೇಶ, ಹರಿಯಾಣ, ಹಿಮಾಚಲ ಪ್ರದೇಶ, ಒಡಿಶಾಗಳಲ್ಲಿ ಆರಂಭವಾಗಿ 2019ರ ವೇಳೆಗೆ ದೇಶವನ್ನೆಲ್ಲ ಮುಟ್ಟಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯೂ ಲಭಿಸಿತು. ಅಮೆರಿಕದವರು 1998ರಲ್ಲಿ ಹೊರತಂದ ಮೊದಲ ಲಸಿಕೆಯು ಕರುಳು ಕರುಳಿನೊಳಗೆ ಸೇರಿಕೊಳ್ಳುವ ಉಪದ್ರವವನ್ನು ಕೆಲವು ಶಿಶುಗಳಲ್ಲಿ ತಂದುದರಿಂದ ಮರುವರ್ಷವೇ ಹಿಂದಕ್ಕೆ ಹೋಗಿತ್ತು. ಪರರ ಸಂತೆಯನ್ನು ನಂಬಿ ಕುಳಿತಿದ್ದರೆ ನಮ್ಮ ಗತಿಯೇನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು. ಭಾನ್ ಅವರು 2020ರ ಜನವರಿಯಲ್ಲಿ ಕಾಲವಾದರು. ಅವರ ಹೆಸರು ಎಷ್ಟು ಮನೆಗಳಿಗೆ ಗೊತ್ತು?

ಇಷ್ಟರ ಮಟ್ಟಿಗೆ ಸಂತೋಷವೇ. ಆದರೆ ಆ ಕೊನೆಯ ಪರೀಕ್ಷೆಯ ಫಲವನ್ನು ಅಧಿಕಾರಿಗಳು ಇನ್ನೊಮ್ಮೆ ಓದಿಕೊಳ್ಳಲಿ. ತೀವ್ರವಾದ ರೋಗವನ್ನು ಲಸಿಕೆಯು ತಡೆದುದು ನೂರಕ್ಕೆ ಸುಮಾರು 55ರ ಮಟ್ಟಿಗೆ. ಇದು ನಮ್ಮ ಲಸಿಕೆಯ ಕೊರತೆಯೆಂದು ಯಾರೂ ತಿಳಿಯಬಾರದು. ಬಹುರಾಷ್ಟ್ರೀಯ ಕಂಪನಿಗಳ ಲಸಿಕೆಗಳು ಯೂರೋಪು ಅಮೆರಿಕಗಳಲ್ಲಿ ನೂರಕ್ಕೆ 85ಕ್ಕೂ ಮೇಲ್ಪಟ್ಟು ಕೆಲಸ ಮಾಡಿದುವು. ಅವುಗಳಲ್ಲಿ ಒಂದನ್ನು ಆಫ್ರಿಕದ ಮಲಾವಿಯಲ್ಲಿ ಕೊಟ್ಟಾಗ ನೂರಕ್ಕೆ 49ಕ್ಕೆ ಇಳಿಯಿತು. ಮದ್ದು ಅದೇ, ಪ್ರಮಾಣವೂ ಅದೇ. ಬೇರೆಯಾದುದು ಕೂಸಿನ ಕರುಳು. ಪೋಲಿಯೊ ಹನಿಯ ವಿಷಯದಲ್ಲಿ ನಮಗೆ ಈ ಪಾಠವು ಮೊದಲೇ ಆಗಿದ್ದಿತು. ಹನಿ ಕುಡಿದ ಮಕ್ಕಳಿಗೂ ಪೋಲಿಯೊ ಬರುತ್ತಿರುವುದನ್ನು ವೆಲ್ಲೂರಿನ ಜೇಕಬ್ ಜಾನ್ ಅವರು ಬಹು ಹಿಂದೆಯೇ ಎತ್ತಿ ತೋರಿಸಿದ್ದರು. 2006ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹಳೆಯ ಬಗೆಯ ಪೋಲಿಯೊ ಹನಿಯ ಒಂದೊಂದು ಪ್ರಮಾಣವು ಉತ್ತರ ಪ್ರದೇಶದಲ್ಲಿ ನೂರಕ್ಕೆ 9 ಮಕ್ಕಳನ್ನು ಮಾತ್ರ ರಕ್ಷಿಸುತ್ತಿತ್ತು. ದೇಶದ ಹೆಚ್ಚಿನ ಇತರ ಭಾಗಗಳಲ್ಲಿ 21. ಅಲ್ಲಿ ಮನೆಮನೆಗೂ ಹತ್ತಾರು ಬಾರಿ ಹನಿ ಹೊತ್ತುಕೊಂಡು ಹೋಗಬೇಕಾದುದು ಇದರಿಂದಲೇ.

ಹೀಗೇಕೆ? ವಿದ್ವಾಂಸರು ಹಲವು ಕಾರಣಗಳನ್ನು ಹೇಳುವರು. ತಾಯಿಯ ಹಾಲಿನಲ್ಲಿಯೂ ರಕ್ತದಲ್ಲಿಯೂ ಇರುವ ಪ್ರತಿರೋಧಕ ಅಂಶಗಳು ಲಸಿಕೆಯನ್ನು ಅದುಮುವುವು. ಅಪೌಷ್ಟಿಕತೆಯು ಮೈಯನ್ನು ಸೋಲಿಸುವುದು. ಮತ್ತು ಮಲಿನವಾದ ನೀರು, ನೆಲ, ಆಹಾರಗಳಿಂದ ದಿನವೂ ಸೇರುವ ನಾನಾ ವಿಷಾಣು, ಕ್ರಿಮಿಗಳು ಕೂಸಿನ ಕರುಳಿನಲ್ಲಿ ಮೊದಲೇ ಮನೆ ಮಾಡಿಕೊಂಡಿದ್ದು, ಬಾಯಿಯಿಂದ ಕೊಟ್ಟ ಲಸಿಕೆಯ ಸಾತ್ವಿಕ ವಿಷಾಣುವಿಗೆ ಎಡೆಗೊಡುವುದಿಲ್ಲ. ಈ ಮೂರರಲ್ಲಿ ಯಾವುದರ ಪಾಲು ಎಷ್ಟೆಂಬ ವಾದವು ಇನ್ನೂ ಮುಗಿದಿಲ್ಲ. ಆದರೆ ಮೂರನೆಯದು ನಗರಸಭೆಗಳ ಕೈಯಲ್ಲಿರುವುದೆಂಬುದು ವಾದಕ್ಕೆ ಹೊರತಾದುದು. ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ವಿಷ ಕುಡಿದ ಮಕ್ಕಳು ಬದುಕುತ್ತವೆಯೆ ಎಂದು ನಮ್ಮ ಹೆಂಗಸರು ಹೇಳುವರಷ್ಟೆ. ಬಾಯಿಗೆ ಲಸಿಕೆಯನ್ನು ಹಾಕಿದ ಕೂಸಿಗೆ ಅದೇ ದಿನ ಚರಂಡಿ ಬೆರೆತ ನೀರಿನಲ್ಲಿ ತೊಳೆದ ಬಟ್ಟಲಿನಿಂದ ಹಾಲು ಕುಡಿಸುವುದಾದರೆ ಯಾವ ಪ್ರಯೋಗಶಾಲೆಯು ತಾನೆ ಏನು ಮಾಡೀತು?

ಇನ್ನು ನೀರಿನ ಪರೀಕ್ಷೆಯ ವಿಚಾರ. ಇದರ ಮೂಲವೂ ತೊಟ್ಟಿಲಿನಲ್ಲಿಯೇ ಇರುವುದೆಂದರೆ ಅನೇಕರಿಗೆ ಹೊಸದಾಗಿ ತೋರೀತು. 1885ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಥಿಯೊಡೋರ್ ಎಷರಿಕ್ ಎಂಬ ಮಕ್ಕಳ ವೈದ್ಯನು ನವಜಾತ ಶಿಶುಗಳ ಮಲವನ್ನು ಶೋಧಿಸುತ್ತಿದ್ದನು. ಹುಟ್ಟಿದಾಗ ಕ್ರಿಮಿರಹಿತವಾಗಿದ್ದ ಕರುಳಿನಲ್ಲಿ ಕೆಲವೇ ತಾಸುಗಳೊಳಗೆ ಸೂಕ್ಷ್ಮಜೀವಿಗಳು ನೆಲೆಸುವುದನ್ನು ಅವನು ಕಂಡನು. ಅವುಗಳಲ್ಲಿ ಅವನು ವರ್ಣಿಸಿದ ಒಂದು ಕಡ್ಡಿಯಾಕಾರದ ಜೀವಿಗೆ ಇಂದು ಅವನ ಹೆಸರನ್ನೇ ಇಟ್ಟಿರುವರು. ಸಾಮಾನ್ಯ ಜನರು ಅದನ್ನು ಇ. ಕೋಲಿ ಎಂದು ಬಲ್ಲರು. ಮನುಷ್ಯರ ಮತ್ತು ಬಿಸಿರಕ್ತದ ಪ್ರಾಣಿಗಳ ಕರುಳೇ ಅದರ ಮನೆಯಾದುದರಿಂದ, ನೀರಿನಲ್ಲಿ ಅದು ಕಂಡರೆ ಮಲವು ಬೆರೆತಿದೆಯೆಂದು ತಿಳಿಯಬಹುದೆಂಬ ಸೂಚನೆಯು 1892ರಲ್ಲಿ ಬಂದಿತು. ಅಂದಿನಿಂದ ಇಂದಿನವರೆಗೆ ಲೋಕದ ಜಲಪರೀಕ್ಷೆಯೆಲ್ಲ ಈ ಒಂದು ಜೀವಿಯ ಬೆನ್ನ ಮೇಲೆಯೇ ನಡೆದಿರುವುದು. ನಮ್ಮ ದೇಶದ 2012ರ ಮಾನಕದ ಪ್ರಕಾರ ಕುಡಿಯುವ ನೀರಿನ ಯಾವ 100 ಮಿಲಿಲೀಟರಿನಲ್ಲಿಯೂ ಅದು ಕಾಣಕೂಡದು.

ಪರೀಕ್ಷೆಯು ಒಳ್ಳೆಯದು, ಅಗ್ಗವಾದುದು, ವಾಂತಿಭೇದಿ ಮತ್ತು ವಿಷಮಶೀತ ಜ್ವರಗಳಿಂದ ಲಕ್ಷಾಂತರ ಪ್ರಾಣಗಳನ್ನು ಉಳಿಸಿದುದು. ಅದನ್ನು ನಾವು ಹಳಿಯುವುದಿಲ್ಲ. ಆದರೆ ಅದಕ್ಕೆ ಒಂದು ಕಣ್ಣು ಕುರುಡು. ಕ್ಲೋರಿನ್ನಿಗೆ ಬೇಗನೆ ಸಾಯುವ ಕೋಲಿಯು ಇಲ್ಲವೆಂದ ಮಾತ್ರಕ್ಕೆ, ಕೊಳೆಯ ಕಣಗಳಲ್ಲಿ ಅಡಗಿಕೊಂಡು ಬಹುಕಾಲ ಬಾಳುವ ವಿಷಾಣುವೂ ಇಲ್ಲವೆಂದು ಹೇಳಲಾಗದು. ಇದಕ್ಕೆ ಲೋಕವೆಲ್ಲ ಉದಾಹರಿಸುವ ದೃಷ್ಟಾಂತವು, ದುರದೃಷ್ಟವಶಾತ್, ನಮ್ಮ ರಾಜಧಾನಿಯದು. 1955ರಲ್ಲಿ ಯಮುನೆಯ ಪ್ರವಾಹವಿಳಿದು ಹೊಳೆಯು ಪಾತ್ರವನ್ನು ಬದಲಿಸಿತು. ನವೆಂಬರಿನಲ್ಲಿ ಕೆಲವು ದಿನಗಳ ಕಾಲ ನಜಫಗಢದ ನಾಲೆಯ ಹೊಲಸು ವಜೀರಾಬಾದಿನ ನೀರೆತ್ತುವ ಸ್ಥಳಕ್ಕೆ ಹಿಮ್ಮೊಗವಾಗಿ ಹರಿಯಿತು. ಜಲಾಧಿಕಾರಿಗಳು ಸುಮ್ಮನಿರಲಿಲ್ಲ; ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದರು. ಅದರ ಫಲವಾಗಿ ವಿಷಮಶೀತ ಜ್ವರವಾಗಲಿ ಆಮಶಂಕೆಯಾಗಲಿ ನಗರದಲ್ಲಿ ಏರಲಿಲ್ಲ. ಆದರೆ ಡಿಸೆಂಬರು ಜನವರಿಗಳಲ್ಲಿ ಕಾಮಾಲೆಯು ಸಿಡಿಯಿತು. ಸುಮಾರು 29,000 ಜನರ ಕಣ್ಣು ಹಳದಿಯಾಯಿತು. ಬಸುರಿಯರಲ್ಲಿ ಸಾವು ಉಳಿದವರಿಗಿಂತ ಬಹಳ ಹೆಚ್ಚಾಗಿದ್ದಿತು. ತೊಟ್ಟಿಲನ್ನು ತೂಗಬೇಕಾದವಳೇ ಇಲ್ಲವಾದ ಮೇಲೆ ತೊಟ್ಟಿಲಿನ ಮಾತೇನು?

ಆ ಕಾಮಾಲೆಯು ಯಾವುದೆಂದು ತಿಳಿಯಲು 25 ವರ್ಷಗಳು ಹಿಡಿದುವು. ದಿಲ್ಲಿಯಲ್ಲಿ ಕಾಪಿಟ್ಟಿದ್ದ ರಕ್ತದ ಮಾದರಿಗಳನ್ನು 1980ರಲ್ಲಿ ಮತ್ತೆ ಪರೀಕ್ಷಿಸಿದಾಗ ಅದು ಆವರೆಗೆ ಗೊತ್ತಿದ್ದ ಕಾಮಾಲೆಯ ವಿಷಾಣುವಲ್ಲವೆಂದು ಸಿದ್ಧವಾಯಿತು. ಕಾಶ್ಮೀರದ ಮೊಹಮ್ಮದ್ ಖುರೂ ಅವರೂ ತಮ್ಮ ಕಣಿವೆಯ ಪಿಡುಗನ್ನು ಕುರಿತು ಅದೇ ವರ್ಷ ಹೀಗೆಯೇ ಬರೆದರು. 1983ರಲ್ಲಿ ರಷ್ಯದ ಬಲಯಾನ್ ಎಂಬ ವಿಜ್ಞಾನಿಯು ರೋಗಿಗಳ ಮಲದ ಸಾರವನ್ನು ತಾನೇ ಕುಡಿದು, ಕಾಮಾಲೆಯನ್ನು ಬರಿಸಿಕೊಂಡು, ತನ್ನ ಮಲದಲ್ಲಿಯೇ ಹೊಸ ವಿಷಾಣುವನ್ನು ಕಂಡುಹಿಡಿದನು. ಹೆಪಟೈಟಿಸ್ ಇ ಎಂಬುದು ಅದರ ಈಗಿನ ಹೆಸರು. ವಿಜ್ಞಾನಕ್ಕಾಗಿ ಇಂಥ ಪಾನವನ್ನು ಮಾಡಿದವನನ್ನು ಏನೆನ್ನಬೇಕೋ ನಾವರಿಯೆವು. ನಮ್ಮ ಪುರಜನರಾದರೋ ಯಾವ ವಿಜ್ಞಾನಕ್ಕೂ ಅಲ್ಲದೆ ಅದನ್ನು ಕುಡಿಯುತ್ತಿರುವರು. ಕಾರಣವು ಸರಳ. ದಿನಕ್ಕೆ ಒಂದೆರಡು ತಾಸು, ಕೆಲವೆಡೆ ಮೂರು ದಿನಕ್ಕೊಮ್ಮೆ ನೀರನ್ನು ಬಿಡುವ ಊರುಗಳಲ್ಲಿ ಉಳಿದ ವೇಳೆ ಕೊಳವೆಯು ಬರಿದಾಗಿರುವುದು. ಬರಿದಾದ ಕೊಳವೆಯು ಬಿರುಕುಗಳ ಮೂಲಕ ಸುತ್ತಲಿನ ತೇವವನ್ನು ಒಳಕ್ಕೆ ಸೆಳೆದುಕೊಳ್ಳುವುದು. ಪಕ್ಕದಲ್ಲಿಯೇ ಒಳಚರಂಡಿಯಿದ್ದರೆ ಸೆಳೆಯುವುದೇನನ್ನೆಂದು ಬೇರೆ ಹೇಳಬೇಕಾಗಿಲ್ಲ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರಿನಲ್ಲಿ ಪಟ್ಟಣದ ನೀರನ್ನು ಕುಡಿದು ವಾಂತಿ ಭೇದಿಯಾಗಿ ಹಲವರು ಪ್ರಾಣ ಬಿಟ್ಟುದನ್ನು ಕನ್ನಡಿಗರು ಇನ್ನೂ ಮರೆತಿರಲಾರರು.

ನೀರಿನಲ್ಲಿ ವಿಷಾಣುವನ್ನು ಹುಡುಕುವ ಉಪಾಯವಿಲ್ಲವೆ? ಉಂಟು. ಹತ್ತಾರು ಲೀಟರು ನೀರನ್ನು ವಿಶಿಷ್ಟವಾದ ಶೋಧಕದ ಮೂಲಕ ಹಾಯಿಸಿ, ಅದರಲ್ಲಿ ಅಂಟಿದುದನ್ನು ತೊಳೆದು ಕೆಲವೇ ಹನಿಗಳಿಗೆ ಇಳಿಸುವರು. ಅನಂತರ ಜೀವಕೋಶಗಳ ಮೇಲೆ ಬೆಳೆಸಿಯೋ, ಪಿ.ಸಿ.ಆರ್. ಎಂಬ ಕ್ರಮದಿಂದ ವಂಶದ್ರವ್ಯವನ್ನು ಹೆಚ್ಚಿಸಿಯೋ ಗುರುತಿಸುವರು. ಎರಡನೆಯದು ಬೇಗನೆ ಆಗುವುದು. ಆದರೆ ವಿಷಾಣುವು ಜೀವಂತವಾಗಿರುವುದೋ ಸತ್ತುದೋ ಅದರಿಂದ ತಿಳಿಯದು. ಮೊದಲನೆಯದರಿಂದ ತಿಳಿಯುವುದು, ಆದರೆ ದಿನಗಳು ಹಿಡಿಯುವುವು, ಮತ್ತು ಹೆಪಟೈಟಿಸ್ ಇಯಂಥವು ಹಾಗೆ ಸುಲಭವಾಗಿ ಬೆಳೆಯುವುದೂ ಇಲ್ಲ. ಈ ಕಷ್ಟವನ್ನು ತಪ್ಪಿಸಲು ಇನ್ನೊಂದು ಜಾಣತನದ ದಾರಿಯುಂಟು: ಕೋಲಿಯನ್ನೇ ತಿಂದು ಬದುಕುವ ಫೇಜ್ ಎಂಬ ವಿಷಾಣುಗಳನ್ನು ಹುಡುಕುವುದು. ಅವು ಮನುಷ್ಯರಿಗೆ ನಿರಪಾಯಕಾರಿಗಳು. ಅವುಗಳಲ್ಲಿ ಕೆಲವು ಗಾತ್ರದಲ್ಲಿಯೂ ಗಟ್ಟಿತನದಲ್ಲಿಯೂ ಕರುಳಿನ ವಿಷಾಣುಗಳನ್ನು ಹೋಲುವುವು. ತಟ್ಟೆಯಲ್ಲಿ ಕೋಲಿಯನ್ನು ಬೆಳೆಸಿ ಅದರ ಮೇಲೆ ನೀರನ್ನು ಹಾಕಿದರೆ, ಫೇಜ್ ಇದ್ದಲ್ಲಿ ಮರುದಿನ ತೂತು ತೂತಾಗಿ ಕಾಣುವುದು. ನಮ್ಮ 2012ರ ಮಾನಕವೇ 1 ಲೀಟರ್ ನೀರಿನಲ್ಲಿ ಎಂ.ಎಸ್.2 ಎಂಬ ಫೇಜ್ ಇರಬಾರದೆಂದು ವಿಧಿಸಿರುವುದು. ಈ ವಿಧಿಯನ್ನು ಎಷ್ಟು ನಗರಸಭೆಗಳು ಪಾಲಿಸುತ್ತಿರುವುವೆಂದು ಸದಸ್ಯರು ತಮ್ಮ ಸಭೆಗಳಲ್ಲಿ ಒಮ್ಮೆ ಕೇಳಿ ನೋಡಲಿ.

ಪ್ರಸಂಗವಶಾತ್ ಹೇಳುವುದಾದರೆ, ಫೇಜುಗಳ ಕಥೆಯ ಮೊದಲ ಅಧ್ಯಾಯವೂ ನಮ್ಮ ನೀರಿನದೇ ಎಂದು ಹಲವರು ಬರೆದಿರುವರು. 1896ರಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿಯು ಗಂಗಾ ಯಮುನೆಗಳ ನೀರಿನಲ್ಲಿ ವಾಂತಿಭೇದಿಯ ಕ್ರಿಮಿಗಳು ಕೆಲವೇ ತಾಸುಗಳಲ್ಲಿ ಸಾಯುವುದನ್ನೂ, ಕುದಿಸಿದರೆ ನೀರಿನ ಆ ಗುಣವು ಹೋಗುವುದನ್ನೂ ಫ್ರೆಂಚ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಅದು ಫೇಜುಗಳ ಕೆಲಸವೇ ಆಗಿತ್ತೆಂದು ಎಲ್ಲರೂ ಒಪ್ಪುವುದಿಲ್ಲ. ಗಂಗೆಯ ನೀರು ತನ್ನನ್ನು ತಾನೇ ಶುದ್ಧಿಮಾಡಿಕೊಳ್ಳುವುದೆಂದು ಈ ಮಾತಿನ ಬಲದಿಂದ ಹೊಳೆಗೆ ಚರಂಡಿಯನ್ನು ಬಿಡುವವರು ಮಾತ್ರ ಹ್ಯಾಂಕಿನ್ನನಿಗೂ ಗಂಗೆಗೂ ಸಮನಾಗಿ ಅಪಚಾರ ಮಾಡುವರು.

ಚರಂಡಿಯ ನೀರನ್ನೇ ಪರೀಕ್ಷಿಸಿ ಊರಿನ ಆರೋಗ್ಯವನ್ನು ತಿಳಿಯುವ ಕ್ರಮವೂ ನಮ್ಮಲ್ಲಿ ಹೊಸದಲ್ಲ. ಮುಂಬಯಿಯಲ್ಲಿ 2001ರಿಂದ ಪೋಲಿಯೊ ವಿಷಾಣುವಿಗಾಗಿ ಚರಂಡಿಯ ಮಾದರಿಗಳನ್ನು ಶೋಧಿಸಲು ತೊಡಗಿದರು. ಒಂದು ಮಗುವಿಗೂ ಕಾಲು ಬೀಳುವುದಕ್ಕೆ ಮುಂಚೆಯೇ ವಿಷಾಣುವು ಯಾವ ಕೇರಿಯಲ್ಲಿ ತಿರುಗುತ್ತಿದೆಯೆಂದು ತಿಳಿಯುತ್ತಿತ್ತು. 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿಗೆ ಬಂದುದೇ ದೇಶದ ಕೊನೆಯ ಸಹಜ ಪೋಲಿಯೊ. 2014ರ ಮಾರ್ಚಿಯಲ್ಲಿ ನಮ್ಮನ್ನು ಪೋಲಿಯೊಮುಕ್ತರೆಂದು ಸಾರಿದರು. ಆ ವಿಜಯದಲ್ಲಿ ಹನಿ ಹಾಕಿದ ಕೈಗಳ ಜತೆಗೆ ಮೋರಿಗೆ ಸೀಸೆಯಿಳಿಸಿದ ಕೈಗಳಿಗೂ ಪಾಲುಂಟು. ಕೊರೋನದ ಕಾಲದಲ್ಲಿ, 2022ರಲ್ಲಿ, ಬೆಂಗಳೂರಿನ 20ಕ್ಕೂ ಮಿಕ್ಕ ಶುದ್ಧೀಕರಣ ಸ್ಥಾವರಗಳ ಕೊಳೆನೀರಿನಿಂದ ವಿಷಾಣುವಿನ ಏರಿಳಿತವನ್ನು ನಮ್ಮವರೇ ಅಳೆದರು. ಪೋಲಿಯೊ, ಕೊರೋನಗಳಿಗಾಗಿ ಮಾಡಬಲ್ಲ ಕೆಲಸವನ್ನು ಹಸುಳೆಯ ಭೇದಿಗಾಗಿಯೂ ಬಾಣಂತಿಯ ಕಾಮಾಲೆಗಾಗಿಯೂ ಮಾಡಲಾರೆವೆ?

ಟಾಟಾ ಇನ್‌ಸ್ಟಿಟ್ಯೂಟಿನ ಮಾತನ್ನು ಮೇಲೆ ಎತ್ತಿದೆವು. ನವಜಾತ ಶಿಶುಗಳ ವಿಷಾಣುವನ್ನು ಶೋಧಿಸಿದ ಅದೇ ಆವರಣದಲ್ಲಿ ಅದಕ್ಕೆ 70 ವರ್ಷ ಮುಂಚೆ ಕೊಳೆನೀರಿನ ಸಂಶೋಧನೆಯು ಆರಂಭವಾಗಿದ್ದಿತು. ಗಾಳಿಯನ್ನೂದಿ ಜೀವಂತ ಕೆಸರಿನಿಂದ ಕೊಳೆಯನ್ನು ತಿಳಿಗೊಳಿಸುವ ವಿಧಾನವನ್ನು ಮ್ಯಾಂಚೆಸ್ಟರಿನಲ್ಲಿ ರೂಪಿಸಿದವರಿಗೆ ಮಾರ್ಗದರ್ಶಿಯಾಗಿದ್ದ ಗಿಲ್ಬರ್ಟ್ ಫೌಲರ್ ಅವರು 1916ರಲ್ಲಿ ಅಲ್ಲಿಗೆ ಪ್ರೊಫೆಸರರಾಗಿ ಬಂದರು. ಆ ಕೆಸರಿನಲ್ಲಿ ಕೆಲಸ ಮಾಡುವ ಏಕಕೋಶ ಪ್ರಾಣಿಗಳ ಪಾತ್ರವನ್ನು ಕುರಿತು ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ ಎಂಬ ವಿದ್ವಾಂಸರು 1942ರಲ್ಲಿ ಅಲ್ಲಿಂದಲೇ ಪ್ರಕಟಿಸಿದ ಲೇಖನವು ಲೋಕಪ್ರಸಿದ್ಧವಾಯಿತು. ಕೊಳೆನೀರೂ ಶಿಶುವೈದ್ಯವೂ ಒಂದೇ ಮರದ ನೆರಳಿನಲ್ಲಿ ಬೆಳೆದ ಊರು ನಮ್ಮದು. ವಿದ್ವಾಂಸರು ಒಂದೇ ಅಂಗಳದಲ್ಲಿ ಕಂಡುದನ್ನು ಕಚೇರಿಗಳು ಎರಡು ಬೀದಿಗಳಲ್ಲಿ ಇಟ್ಟುಕೊಂಡು ಕುಳಿತಿರುವುವು.

ಮುಂದೇನು? ಹುಟ್ಟಿದ 5 ದಿನಗಳೊಳಗೇ ಲಸಿಕೆಯ ಮೊದಲ ಪ್ರಮಾಣವನ್ನು ಕೊಡುವ ಪ್ರಯತ್ನವು ಮೆಲ್ಬರ್ನಿನ ನವಜಾತ ತಳಿಯಿಂದ ಇಂಡೊನೇಷ್ಯದಲ್ಲಿ ನಡೆಯಿತು. ಮೊದಲ 18 ತಿಂಗಳುಗಳಲ್ಲಿ ನೂರಕ್ಕೆ 75ರ ರಕ್ಷಣೆಯು ದೊರೆಯಿತೆಂದು 2018ರಲ್ಲಿ ವರದಿಯಾಯಿತು. ಕರುಳಿನಲ್ಲಿ ಬೇರೆ ಜೀವಿಗಳು ಮನೆಮಾಡುವುದಕ್ಕೆ ಮುಂಚೆ ಲಸಿಕೆಯನ್ನು ಕಳುಹಿಸುವ ಈ ಯುಕ್ತಿಯನ್ನು ನಮ್ಮ ಸರಕಾರವು ಲಕ್ಷ್ಯವಿಟ್ಟು ಪರಿಶೀಲಿಸತಕ್ಕದ್ದು. ನೀರಿನ ವಿಷಯದಲ್ಲಿ ಇನ್ನೂ ಸಣ್ಣ ಕೆಲಸಗಳಿಂದ ಆರಂಭಿಸಬಹುದು. ಪ್ರತಿ ಊರಿಗೂ ವಿಷಾಣುವಿನ ಪ್ರಯೋಗಶಾಲೆ ಬೇಕೆಂದು ನಾವು ಕೇಳುವುದಿಲ್ಲ. ಅದಕ್ಕೆ ಹಣವಿಲ್ಲವೆಂಬ ಉತ್ತರವು ನಮಗೂ ಗೊತ್ತು. ಒಂದು ವಿಭಾಗಕ್ಕೆ ಒಂದರಂತೆ ಫೇಜ್ ಪರೀಕ್ಷೆಯು ನಡೆದರೆ ಸಾಕು. ಅದಕ್ಕೆ ತಟ್ಟೆ, ಕೋಲಿ, ಮತ್ತು ಶ್ರದ್ಧೆಯುಳ್ಳ ಒಬ್ಬ ಪರೀಕ್ಷಕ ಬೇಕು. ಕಾಮಾಲೆಯ ರೋಗಿಗಳು ಒಂದೇ ವಾರ್ಡಿನಿಂದ ಬರತೊಡಗಿದರೆ ಆಸ್ಪತ್ರೆಯ ವೈದ್ಯರು ಅಂದೇ ನೀರಿನ ಎಂಜಿನಿಯರಿಗೆ ತಿಳಿಸಬೇಕು. ಕೊಳಾಯಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮವಿರುವುದು. ಒಂದು ಹನಿ ಬಣ್ಣದ ಮದ್ದಿನಿಂದ ಅದನ್ನು ಯಾವ ಗೃಹಸ್ಥನಾದರೂ ನೋಡಿಕೊಳ್ಳಬಹುದು.

ಇನ್ನೂ ಸುಲಭವಾದುದೊಂದುಂಟು. ಮಲಿನವಾದ ನೀರನ್ನು ಹಾಕಿದರೆ ಒಂದೆರಡು ದಿನಗಳಲ್ಲಿ ಕಪ್ಪಾಗುವ ಸೀಸೆಯನ್ನು 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳಾದ ಮಾಂಜಾ ಮತ್ತು ಅವರ ಸಂಗಡಿಗರೇ ಲೋಕಕ್ಕೆ ತೋರಿಸಿದರು. ಒಲೆ ಬೇಡ, ಯಂತ್ರ ಬೇಡ, ಅಕ್ಷರವೂ ಬೇಡ. ಅದು ವಿಷಾಣುವನ್ನು ತೋರಿಸದು, ಕೆಲವೊಮ್ಮೆ ನಿಷ್ಕಾರಣವಾಗಿಯೂ ಕಪ್ಪಾಗುವುದು. ಆದರೂ ಕಪ್ಪಾದ ಸೀಸೆಯ ನೀರನ್ನು ಮುಂದಿನ ಪರೀಕ್ಷೆಗೆ ಕಳುಹಿಸಲು ಅದಕ್ಕಿಂತ ಅಗ್ಗವಾದ ಸೂಚನೆಯಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಲ್ಲಿ ಹಳ್ಳಿಗೆ ಐವರು ಹೆಂಗಸರಂತೆ ನೀರಿನ ಪರೀಕ್ಷೆಯನ್ನು ಕಲಿಸುವ ಏರ್ಪಾಡು ಉಂಟು. ಪಟ್ಟಣಗಳ ವಾರ್ಡುಗಳಲ್ಲಿಯೂ ಲಸಿಕೆಯ ದಿನದಂದು ತಾಯಂದಿರ ಕೈಗೆ ಈ ಸೀಸೆಯೊಂದನ್ನು ಏಕೆ ಕೊಡಕೂಡದು? ಕೂಸಿನ 10ನೆಯ ವಾರದ ಹನಿಗೆ ಬರುವಾಗ ಸೀಸೆಯ ಬಣ್ಣವನ್ನು ಕೇಳಿ ಬರೆದುಕೊಂಡರೆ, 14ನೆಯ ವಾರದ ಹೊತ್ತಿಗೆ ಊರಿನ ಯಾವ ಬೀದಿಯ ಕೊಳವೆಯು ಕೆಟ್ಟಿದೆಯೆಂಬ ನಕ್ಷೆಯು ಆರೋಗ್ಯಾಧಿಕಾರಿಯ ಮೇಜಿನ ಮೇಲಿರುವುದು.

ನೀರಿನ ಪರೀಕ್ಷೆಯ ಫಲವನ್ನು ಗೋಪ್ಯವಾಗಿಡುವುದರಿಂದ ಯಾರಿಗೆ ಲಾಭವೆಂಬುದು ನಮಗೆ ತಿಳಿಯದು. ಯಾವ ನಗರಸಭೆಯಾದರೂ, ಪಟ್ಟಣ ಪಂಚಾಯಿತಿಯಾದರೂ ತನ್ನ ಕೊಳಾಯಿ ನೀರಿನ ಪರೀಕ್ಷೆಯ ವಿವರವನ್ನು, ಮಾದರಿಯನ್ನು ತೆಗೆದ ಬೀದಿ ಮತ್ತು ತಾರೀಖುಗಳ ಸಹಿತ ತಿಂಗಳಿಗೊಮ್ಮೆ ನಮಗೆ ಕಳುಹಿಸಿದರೆ, ಅದನ್ನು ಇದೇ ಪುಟದಲ್ಲಿ ಶುಲ್ಕವಿಲ್ಲದೆ ಅಚ್ಚುಹಾಕುವೆವು.